ಅಪ್ಪ ಕೊಡಗಿನ ನಾಪೋಕ್ಲು ಕಡೆ ಫ್ಯಾಮಿಲಿ ಡಾಕ್ಟರ್. ಅವರ ನೆನಪಿನ ಪುಸ್ತಕ ಎಲ್ಲಿಂದ ಶುರು ಮಾಡಲಿ?

ನೀವು ಕೇಳಿದ್ದು ಇಷ್ಟು: ಅಪ್ಪ ನಲವತ್ತು ವರ್ಷ ನಾಪೋಕ್ಲು ಸುತ್ತ ಡಾಕ್ಟರಾಗಿದ್ದರು, ಬೆಟ್ಟ ಹತ್ತುವ ಹುಚ್ಚಿತ್ತು, ಬೈಕು, ಜೀಪು, ಕೋವಿ ಎಲ್ಲ ಇತ್ತು. ತೀರಿಕೊಂಡ ಮೇಲಿನ ಮಾದದ ಕರ್ಮ ಮುಗಿದಿದೆ. ವರ್ಷ ತುಂಬುವುದರೊಳಗೆ ಒಕ್ಕದವರಿಗಾಗಿ (ಮನೆತನದವರಿಗಾಗಿ) ಒಂದು ಪುಟ್ಟ ಪುಸ್ತಕ ಮಾಡಬೇಕು, ಹೇಗೆ?

ಬರೆಯುವುದು ಆಮೇಲೆ. ಮೊದಲು ಅವರ ಬ್ಯಾಗು, ಬೀರು ನೋಡಿ. ಹಳೆಯ ಪಾದರಸದ ಬಿಪಿ ಯಂತ್ರ ಇದ್ದರೆ ಪಾದರಸವೆಲ್ಲ ಬುಡದ ಕುಪ್ಪಿಗೆ ಇಳಿಯುವಂತೆ ಓರೆ ಮಾಡಿ, ಆಮೇಲೆ ಅಲ್ಲಿರುವ ಸಣ್ಣ ತಿರುಗಣೆ ಮುಚ್ಚಿ. ಹಾಗೇ ಮಡಚಿಟ್ಟರೆ ಸೋರುತ್ತದೆ. ಸೋರಿದ್ದರೆ ಪೊರಕೆ ಹಾಕಬೇಡಿ, ಹನಿ ಒಡೆದು ಇನ್ನಷ್ಟು ಹರಡುತ್ತದೆ. ಕಿಟಕಿ ತೆರೆದು, ದಪ್ಪ ಕಾಗದದಲ್ಲಿ ಬಾಚಿ, ನೀರಿರುವ ಗಾಜಿನ ಬಾಟಲಿಗೆ ಹಾಕಿ ಬಿರಡೆ ಬಿಗಿಯಿರಿ. ಮಾರ್ಫಿನ್, ಪೆಥಿಡಿನ್‌ನಂಥ ಅಮಲಿನ ನೋವುಮದ್ದಿನ ಆಂಪೂಲ್ (ಚುಚ್ಚುಮದ್ದಿನ ಗಾಜಿನ ಕುಪ್ಪಿ) ಸಿಕ್ಕರೆ ಅದು ನೆನಪಿಗೆ ಇಟ್ಟುಕೊಳ್ಳುವ ವಸ್ತುವಲ್ಲ, ಔಷಧ ನಿಯಂತ್ರಣ ಇಲಾಖೆಗೆ ತಿಳಿಸಿ. ಕೋವಿಯದೂ ಅಷ್ಟೇ. ಕೋವಿ ಲೈಸೆನ್ಸಿನಿಂದ ಕೊಡಗಿನ ವಿನಾಯಿತಿ ಇದೆ ನಿಜ, ಆದರೆ ವಿನಾಯಿತಿ ಪತ್ರ ಇರುವುದು ಅಪ್ಪನ ಹೆಸರಲ್ಲಿ. ತಡಮಾಡದೆ ಠಾಣೆಯಲ್ಲಿ ಒಪ್ಪಿಸಿ, ನಿಮ್ಮ ಹೆಸರಿಗೆ ಪತ್ರ ಆದ ಮೇಲೆ ಮನೆಗೆ ತನ್ನಿ.

ಮುಂದಿನ ಅವಸರ ಫೋಟೋಗಳದ್ದು. ನಮ್ಮ ಮಳೆಗಾಲದ ತೇವಕ್ಕೆ ಫೋಟೋ ಚೌಕಟ್ಟಿನ ಗಾಜಿಗೇ ಅಂಟಿಕೊಂಡಿರುತ್ತದೆ. ಕೀಳಬೇಡಿ, ಚಿತ್ರದ ಪದರ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಅಂಟು ಹಾಳೆಯ ಆಲ್ಬಂ ಆದರೆ ಹಲ್ಲು ಸಂದಿ ತಿಕ್ಕುವ ದಾರವನ್ನು ಫೋಟೋ ಹಿಂದೆ ಗರಗಸದ ಹಾಗೆ ಮೆಲ್ಲಗೆ ಎಳೆದು ಬಿಡಿಸಬಹುದು. ಅದಕ್ಕೂ ಮೊದಲು ಇಡೀ ಪುಟದ ಚಿತ್ರ ತೆಗೆದುಕೊಳ್ಳಿ, ಕ್ರಮ ತಪ್ಪಿದರೆ ವರ್ಷವೂ ತಪ್ಪುತ್ತದೆ. ಸ್ಕ್ಯಾನ್ ಮಾಡುವಾಗ ಪ್ರಿಂಟಿಗೆ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ) ಸಾಕು, 35 ಎಂಎಂ ನೆಗೆಟಿವ್‌ಗೆ 2400ಕ್ಕಿಂತ ಕಡಿಮೆ ಬೇಡ. ಹಿಂಬದಿಯಲ್ಲಿ ಬರೆಯಲು ಮೆತ್ತನೆ ಪೆನ್ಸಿಲ್. ಬಾಲ್ ಪೆನ್ನಿನ ಗೀರು ಮುಂದೆ ಮೂಡುತ್ತದೆ. ಜನವರಿ, ಫೆಬ್ರವರಿಯ ಒಣ ಹವೆಯಲ್ಲಿ ಈ ಕೆಲಸ ಮುಗಿಸಿ. ತೇವವಾಯಿತೆಂದು ಒಲೆಯ ಮೇಲೆ, ಬಿಸಿಲಲ್ಲಿ ಒಣಗಿಸಿದರೆ ಸುರುಳಿ ಸುತ್ತಿ ಬಿರಿಯುತ್ತದೆ.

ಈಗ ಜನ. ಕಾಂಪೌಂಡರ್ ಬದುಕಿದ್ದರೆ ಮೊದಲು ಅವರ ಮನೆಗೆ ಹೋಗಿ, ನೆಂಟರೆಲ್ಲ ಆಮೇಲೆ. 'ಡಾಕ್ಟರು ಹೇಗಿದ್ದರು' ಎಂದು ಕೇಳಿದರೆ 'ದೇವರಂಥ ಮನುಷ್ಯ' ಎಂಬಲ್ಲಿಗೆ ಮಾತು ಮುಗಿಯುತ್ತದೆ. ಸಣ್ಣದು ಕೇಳಿ. ಗಾಜಿನ ಸಿರಿಂಜ್ ಯಾವ ಪಾತ್ರೆಯಲ್ಲಿ ಕುದಿಸುತ್ತಿದ್ದರು? ಮಿಕ್ಸ್ಚರ್ ಯಾವ ಬಣ್ಣ, ಬಾಟಲಿಗೆ ಅಂಟಿಸುವ ಡೋಸಿನ ಚೀಟಿಯನ್ನು ಕತ್ತರಿಸುತ್ತಿದ್ದವರು ಯಾರು? ರಾತ್ರಿ ಕರೆಯಲು ಬಂದವರು ಎಲ್ಲಿ ನಿಂತು ಕೂಗುತ್ತಿದ್ದರು? ಫೀಸಿನ ಬದಲು ಏನು ಬರುತ್ತಿತ್ತು: ಕಿತ್ತಳೆಯೇ, ಜೇನೇ, ಕಣಿಲೆಯೇ (ಎಳೆ ಬಿದಿರು)? ಜೀಪಿನ ಮೆಕ್ಯಾನಿಕ್ಕು, ತೋಟದ ಲೈನ್ ಮನೆಯ ಕೂಲಿಯವರು, ಹೆರಿಗೆಗೆ ಜೊತೆ ಹೋಗುತ್ತಿದ್ದ ನರ್ಸಮ್ಮ, ಇವರ ಬಳಿ ಇರುವುದು ನಿಮ್ಮ ಅಮ್ಮನಿಗೂ ಗೊತ್ತಿರುವುದಿಲ್ಲ. ಒಂದು ಸಲಕ್ಕೆ ಮುಕ್ಕಾಲು ಗಂಟೆ ಮಾತ್ರ ರೆಕಾರ್ಡ್ ಮಾಡಿ, ಎರಡನೇ ಸಲ ಹೋಗಿ. ಮೊದಲ ಸಲ ಮರೆತದ್ದು ಅವತ್ತು ಬರುತ್ತದೆ.

ಇಸವಿ ಕೇಳಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ. ಹತ್ತಿರದ ಗೂಟ ಕೊಡಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರುವ ಮೊದಲೋ ಆಮೇಲೋ (1956), ಕಾಫಿಗೆ ಏಕಾಏಕಿ ಬೆಲೆ ಬಂದ ವರ್ಷವೋ (1994), ಭೂಕುಸಿತದ ಮಳೆಗೆ ಮುಂಚೆಯೋ (2018), ಪುತ್ತರಿ ಹಬ್ಬಕ್ಕೆ ಮೊದಲೋ ಕೈಲ್‌ಪೋದ್ ಹಬ್ಬಕ್ಕೆ ಮೊದಲೋ. ಗಾಡಿಯಿಂದಲೂ ಗೊತ್ತಾಗುತ್ತದೆ: ಮೈಸೂರಿನಲ್ಲಿ ಜಾವಾ ಬೈಕು ತಯಾರಾಗಲು ಶುರುವಾದದ್ದು 1961ರಲ್ಲಿ, ಫೋಟೋದ ಜೀಪಿನ ಮೇಲೆ ಕೊಡಗಿನ ನೋಂದಣಿಯ ಕೆಎ-12 ಇದ್ದರೆ ಆ ಫೋಟೋ 1989ಕ್ಕಿಂತ ಹಿಂದಿನದಲ್ಲ.

ಬೆಟ್ಟಗಳಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಪುಷ್ಪಗಿರಿ, ಕುಮಾರಪರ್ವತ ಎಂದು ಎರಡು ಚಾರಣ ಬರೆದುಬಿಡುತ್ತಾರೆ, ಶಿಖರ ಒಂದೇ. ಸೋಮವಾರಪೇಟೆ ಕಡೆಯಿಂದ ಹತ್ತಿದರೋ ಕುಕ್ಕೆಯಿಂದಲೋ ಎಂಬುದನ್ನು ಬರೆಯಿರಿ, ಎರಡೂ ಬೇರೆಯೇ ದಾರಿ. ಫೋಟೋದಲ್ಲಿ ನಾಲ್ಕುನಾಡು ಅರಮನೆ ಕಂಡರೆ ಬಹುಶಃ ತಡಿಯಂಡಮೋಳ್ (1,748 ಮೀಟರ್), ಇರ್ಪು ಜಲಪಾತ ಕಂಡರೆ ಬ್ರಹ್ಮಗಿರಿ. ಎತ್ತರ ಏರಿಸಿ ಬರೆಯಬೇಡಿ, ಕೊಡಗಿನಲ್ಲಿ ತಡಿಯಂಡಮೋಳ್‌ಗಿಂತ ಎತ್ತರದ್ದು ಇಲ್ಲ.

ಇನ್ನು ಪುಸ್ತಕದ ಅಂದಾಜು. ಡಾಕ್ಟರು ಒಂದು ಅಧ್ಯಾಯ, ಸಾಹಸಿ ಒಂದು, ತಂದೆ ಒಂದು ಎಂದು ಕತ್ತರಿಸಬೇಡಿ. ಆಷಾಢದಲ್ಲಿ ರಾತ್ರಿ ಕರೆ ಬಂದರೆ ಹೊರಡುವುದೇ ಸಾಹಸವಾಗಿತ್ತಲ್ಲ. ಸರ್ವೇ ಆಫ್ ಇಂಡಿಯಾದ 1:50,000 ನಕ್ಷೆ ತೆಗೆದುಕೊಳ್ಳಿ, ಅದರಲ್ಲಿ 1 ಸೆಂ.ಮೀ. ಅಂದರೆ 500 ಮೀಟರ್. ಅವರು ಹೋದ ಮನೆ, ಪೈಸಾರಿ (ಸರ್ಕಾರಿ ಜಾಗ), ತೋಟ ಒಂದೊಂದಕ್ಕೂ ಚುಕ್ಕಿ ಹಾಕಿ, ದಾರಿ ಎಳೆಯಿರಿ. ಒಂದು ದಾರಿಗೆ ಒಂದು ಅಧ್ಯಾಯ. ಭಾಗಮಂಡಲದ ದಾರಿ ಎಂದರೆ ಸಂಗಮ ತುಂಬಿ ರಸ್ತೆ ಮುಳುಗಿದಾಗ ಏನು ಮಾಡುತ್ತಿದ್ದರು, ಜೀಪು ಎಲ್ಲಿ ನಿಲ್ಲುತ್ತಿತ್ತು, ಎಲ್ಲಿಂದ ನಡಿಗೆ, ಉಂಬಳಕ್ಕೆ (ಜಿಗಣೆಗೆ) ಕಾಲಿಗೆ ಏನು ಹಚ್ಚುತ್ತಿದ್ದರು. ಅವತ್ತು ಮನೆಯಲ್ಲಿ ಎಚ್ಚರವಾಗಿ ಕಾದವರು ಯಾರು ಎಂಬುದೂ ಅದೇ ಅಧ್ಯಾಯಕ್ಕೆ ಸೇರಬೇಕು. ತಂದೆ ಅಲ್ಲೇ ಬರುತ್ತಾರೆ.

ರೋಗಿಗಳ ರಿಜಿಸ್ಟರ್ ಗುಜರಿಗೆ ಹಾಕಬೇಡಿ, ಸಂತೆಯಲ್ಲಿ ಕಡಲೆಕಾಯಿ ಪೊಟ್ಟಣವಾಗಿ ಊರಿಗೇ ವಾಪಸ್ ಬರುತ್ತದೆ. ಪುಸ್ತಕಕ್ಕೂ ಹಾಕಬೇಡಿ. ಹೆಸರು ಬಿಟ್ಟರೆ ಸಾಕು ಎಂದುಕೊಳ್ಳುವುದು ತಪ್ಪು. 'ಕಕ್ಕಬ್ಬೆಯ ಒಬ್ಬರು, ಅವಳಿ ಮಕ್ಕಳು' ಎಂದರೆ ಇಡೀ ನಾಡಿಗೆ ಗೊತ್ತಾಗುತ್ತದೆ. ಅವರೋ ಮನೆಯವರೋ ಒಪ್ಪಿ ಬರೆದುಕೊಟ್ಟರೆ ಮಾತ್ರ ಹಾಕಿ. ಕ್ಷಯ, ಕುಷ್ಠ, ವಿಷ ಕುಡಿದದ್ದು, ಬಸಿರಿಗೆ ಸಂಬಂಧಿಸಿದ್ದು ಒಪ್ಪಿಗೆ ಇದ್ದರೂ ಬೇಡ ಎಂಬುದು ನನ್ನ ಮಾತು.

ಕರಡನ್ನು 14 ಪಾಯಿಂಟ್ ಅಕ್ಷರದಲ್ಲಿ ಎರಡು ಪ್ರತಿ ತೆಗೆಯಿರಿ. ಒಂದು ಅಮ್ಮನಿಗೆ, ಇನ್ನೊಂದು ಕಾಂಪೌಂಡರಿಗೆ, ಜೊತೆಗೊಂದು ಕೆಂಪು ಪೆನ್ನು.