ಹಾಲು ಕೊಡದ ಹಸುಗಳ ಗೋಶಾಲೆ ಸಗಣಿ, ಗಂಜಲದ ಉತ್ಪನ್ನಗಳಿಂದಲೇ ನಡೆಯಬಲ್ಲದೇ?

ಪೂರ್ತಿ ನಡೆಯುವುದು ಕಷ್ಟ, ದಾನಿಗಳ ಕೈ ಬೇಕೇ ಬೇಕು. ಆದರೆ ಮೇವಿನ ಖರ್ಚಿನಲ್ಲಿ ಒಂದು ಪಾಲು ಹುಟ್ಟುತ್ತದೆ. ಗೋಶಾಲೆಗೆ ಬರುವುದು ಹೆಚ್ಚಾಗಿ ಬತ್ತಿದ ಹಸು, ಮುದಿ ಎತ್ತು, ಗಂಡುಕರು. ಅಲ್ಲಿ ಸಗಣಿ, ಗಂಜಲವೇ ಬಂಡವಾಳ.

ಸಗಣಿಯನ್ನು ಹಾಗೇ ಗೊಬ್ಬರಕ್ಕೆ ಮಾರಿದರೆ ಪುಡಿಗಾಸು. ಅದೇ ವಿಭೂತಿಯಾದರೆ ಲೆಕ್ಕವೇ ಬೇರೆ. ಉಂಡೆ ಕಟ್ಟಿ, ಬಿಸಿಲಿಗೆ ಒಣಗಿಸಿ, ಭತ್ತದ ಹೊಟ್ಟಿನ ನಡುವೆ ಇಟ್ಟು ನಿಧಾನಕ್ಕೆ ಸುಡಬೇಕು. ಬೂದಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ನೀರಲ್ಲಿ ಕದಡಿ, ತಿಳಿ ಬಸಿದು, ಕೆಳಗೆ ಕೂತದ್ದನ್ನು ಗಟ್ಟಿ ಕಟ್ಟುತ್ತಾರೆ. ಯಂತ್ರಕ್ಕಿಂತ ಕೈಗೇ ಹೆಚ್ಚು ಕೆಲಸ, ಹಾಗಾಗಿ ಊರ ಹೆಂಗಸರಿಗೆ ಕೂಲಿಯೂ ಸಿಗುತ್ತದೆ. ಬೆರಣಿ, ಧೂಪ, ಹಣತೆಗಳೂ ಹೀಗೆಯೇ.

ಇನ್ನು ಜೀವಾಮೃತ, ಅಂದರೆ ಹೊಲಕ್ಕೆ ಹಾಕುವ ಹುಳಿಸಿದ ದ್ರವ ಗೊಬ್ಬರ. 200 ಲೀಟರ್ ನೀರಿಗೆ 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ, ತಲಾ 2 ಕೆಜಿ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಇಷ್ಟು ಒಂದು ಎಕರೆಗೆ. ನಾಟಿ ಹಸುವಿನದೇ ಬೇಕೆನ್ನುವ ರೈತರಿಂದಾಗಿ ಮಲೆನಾಡು ಗಿಡ್ಡ ಎಂಬ ನಾಟಿ ತಳಿಯ ಸಗಣಿಗೂ ಗಿರಾಕಿ ಇದ್ದಾರೆ. 2021ರಲ್ಲಿ ಖಾದಿ ಆಯೋಗ ಸಗಣಿಯಿಂದ ಮಾಡಿದ ಗೋಡೆ ಬಣ್ಣವನ್ನೂ ಮಾರುಕಟ್ಟೆಗೆ ತಂದಿತು.

ಗೋಮೂತ್ರದ ಅರ್ಕ ಕ್ಯಾನ್ಸರ್ ವಾಸಿ ಮಾಡುತ್ತದೆ ಎಂದು ಮಾರುವವರನ್ನು ಮಾತ್ರ ನಂಬಬೇಡಿ, ಅದಕ್ಕೆ ಆಧಾರವಿಲ್ಲ.