ಗಂಡಂಗೆ ಮ್ಯೂನಿಕ್ ಆಫರ್ ಬಂದಿದೆ, ನಂಗೆ ಮೈಸೂರು ಬಿಡೋಕೆ ಮನಸ್ಸಿಲ್ಲ, ಮಗಳ ಪಾಸ್‌ಪೋರ್ಟ್‌ಗೆ ಸೈನ್ ಹಾಕ್ಲಾ ಬೇಡ್ವಾ?

ಪ್ರಶ್ನೆ: ನಂಗೆ 33 ವರ್ಷ, ಸರ್ಕಾರಿ ಬ್ಯಾಂಕಲ್ಲಿ ಆಫೀಸರ್. ಪಿಒ ಎಕ್ಸಾಮ್ ಪಾಸ್ ಮಾಡಿ ಮೊದಲು ರಾಯಚೂರು ಕಡೆ ಹಳ್ಳಿ ಬ್ರಾಂಚು, ಆಮೇಲೆ ಹುಬ್ಬಳ್ಳಿ, ಈಗ ಮೈಸೂರಿಗೆ ಬಂದು ಎರಡು ವರ್ಷ ಆಯ್ತು ಅಷ್ಟೆ. ನಮ್ಮನೆಯವ್ರು ಸಾಫ್ಟ್‌ವೇರ್, ವಾರಕ್ಕೆ ಮೂರು ದಿನ ಬೆಂಗಳೂರಲ್ಲೇ ರೂಮ್ ಮಾಡ್ಕೊಂಡು ಇರ್ತಾರೆ. ಮಗಳಿಗೆ ಮೂರೂವರೆ ವರ್ಷ. ಅಪ್ಪ ತೀರ್ಕೊಂಡ ಮೇಲೆ ಅಮ್ಮ ನಮ್ಮ ಜೊತೆನೇ ಇದಾರೆ, ಮಗುನ ನೋಡ್ಕೊಳ್ಳೋದು ಅವ್ರೇ. ತಮ್ಮ ಪುಣೆಲಿದಾನೆ, ಅವನ ಕಥೆ ಬಿಡಿ.

ಈಗ ಇವ್ರಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿದೆ, ಬ್ಲೂ ಕಾರ್ಡ್ ಅಂತಾರಲ್ಲ, ಓದಿದ ಹೊರದೇಶದವ್ರಿಗೆ ಅಲ್ಲಿ ಕೊಡೋ ಕೆಲಸದ ಪರ್ಮಿಟ್ಟು, ಅದು. ನನ್ನನ್ನ ಕೇಳಿ ಅಪ್ಲೈ ಮಾಡಿದ್ದಲ್ಲ, ಆಫರ್ ಬಂದ್ಮೇಲೆ ಹೇಳಿದ್ರು. ಮಗು ಭವಿಷ್ಯಕ್ಕೆ ಅಂತಾರೆ. ನಾನು ಅಮ್ಮನ್ನ ಬಿಟ್ಟು ಹೇಗೆ ಬರ್ಲಿ ಅಂದ್ರೆ "ನಿಮ್ಮಮ್ಮಂಗೋಸ್ಕರ ಮಗಳ ಲೈಫ್ ಹಾಳು ಮಾಡ್ತೀಯ" ಅಂದ್ಬಿಟ್ರು. ಅತ್ತೆ ಫೋನ್ ಮಾಡಿ ಗಂಡ ಎಲ್ಲೋ ಹೆಂಡ್ತಿ ಅಲ್ಲಿರ್ಬೇಕಮ್ಮ ಅಂತಾರೆ. ಅಲ್ಲಿ ಮಕ್ಕಳನ್ನ ಸರ್ಕಾರದವ್ರು ಕಿತ್ಕೊಂಡು ಹೋಗ್ತಾರಂತೆ ಅಂತ ನಮ್ಮ ದೊಡ್ಡಮ್ಮ ಬೇರೆ ವಿಡಿಯೋ ಕಳಿಸ್ತಾನೇ ಇದಾರೆ. ಮೊನ್ನೆ ಮಗಳ ಪಾಸ್‌ಪೋರ್ಟ್ ಫಾರಂ ತಂದು ಸೈನ್ ಹಾಕು ಅಂದ್ರು, ನಾನು ಹಾಕ್ಲಿಲ್ಲ, ಅವತ್ತಿಂದ ಸರಿಯಾಗಿ ಮಾತಿಲ್ಲ. ಈ ತಿಂಗಳೊಳಗೆ ಆಫರ್‌ಗೆ ಉತ್ತರ ಕೊಡ್ಬೇಕಂತೆ. ಒಂದ್ಸಲ ಅನ್ಸತ್ತೆ ಹೋಗಿ ನೋಡಿ, ಆಗ್ಲಿಲ್ಲ ಅಂದ್ರೆ ಮಗುನ ಕರ್ಕೊಂಡು ವಾಪಸ್ ಬಂದ್ಬಿಡೋಣ ಅಂತ. ಏನ್ ಮಾಡ್ಲಿ? (ಹೆಸರು ಬೇಡ, ಮೈಸೂರು)

ಉತ್ತರ: ಮೊದಲು ಪಾಸ್‌ಪೋರ್ಟ್ ವಿಷ್ಯ ಮುಗಿಸೋಣ, ಯಾಕಂದ್ರೆ ಮಾತು ನಿಂತಿರೋದು ಅಲ್ಲೇ. ಸೈನ್ ಹಾಕಿ. ಚಿಕ್ಕ ಮಕ್ಕಳ ಪಾಸ್‌ಪೋರ್ಟ್‌ಗೆ ಅಪ್ಪ ಅಮ್ಮ ಇಬ್ರೂ ಸೈನ್ ಮಾಡೋ ಅನೆಕ್ಸರ್ ಡಿ ಅಂತ ಒಂದು ಡಿಕ್ಲರೇಷನ್ ಇರತ್ತೆ, ಅದಕ್ಕೆ ಸೈನ್ ಹಾಕಿದ ತಕ್ಷಣ ನೀವು ಜರ್ಮನಿಗೆ ಒಪ್ಕೊಂಡ ಹಾಗೆ ಆಗಲ್ಲ. ಮಗು ಅಲ್ಲಿ ವಾಸಕ್ಕೆ ಹೋಗೋಕೆ ಬೇರೆ ವೀಸಾ ಬೇಕು, ಅದಕ್ಕೆ ತಂದೆ ತಾಯಿ ಇಬ್ರ ಒಪ್ಪಿಗೆನೂ ಮತ್ತೆ ಬೇಕು. ಅಂದ್ರೆ ಬೇಡ ಅನ್ನೋ ಹಕ್ಕು ನಿಮ್ಮ ಕೈಲೇ ಇರತ್ತೆ, ಫಾರಂ ಹಿಡ್ಕೊಂಡು ಜಗಳ ಆಡೋ ಅವಶ್ಯಕತೆ ಇಲ್ಲ. ಪಾಸ್‌ಪೋರ್ಟ್ ಬಂದ್ಮೇಲೆ ಇಬ್ರಿಗೂ ಗೊತ್ತಿರೋ ಜಾಗದಲ್ಲಿ ಬೀರುಲಿ ಇಡಿ, ಅಷ್ಟೆ.

ಆದ್ರೆ ನಿಮ್ಮ ಪತ್ರದ ಕೊನೇ ಮಾತು ಓದಿ ನಂಗೆ ಗಾಬರಿ ಆಯ್ತು. ಆಗ್ಲಿಲ್ಲ ಅಂದ್ರೆ ಮಗುನ ಕರ್ಕೊಂಡು ಬಂದ್ಬಿಡ್ತೀನಿ ಅಂತ ಮನಸ್ಸಲ್ಲಿ ಇಟ್ಕೊಂಡು ದಯವಿಟ್ಟು ವಿಮಾನ ಹತ್ಬೇಡಿ. ಮದುವೆ ಆಗಿರೋ ತಂದೆ ತಾಯಿ ಇಬ್ರಿಗೂ ಮಗು ಮೇಲೆ ಸಮ ಹಕ್ಕು ಇರತ್ತೆ ಅಲ್ಲಿ, ಮಗು ಕೆಲವು ತಿಂಗಳು ಅಲ್ಲೇ ಇದ್ದು ಶಾಲೆ ಡಾಕ್ಟರು ಗೆಳೆಯರು ಅಂತ ಬೇರು ಬಿಟ್ಮೇಲೆ ಮಗು ಎಲ್ಲಿರ್ಬೇಕು ಅನ್ನೋದನ್ನ ಅಲ್ಲಿನ ಫ್ಯಾಮಿಲಿ ಕೋರ್ಟ್ ನೋಡತ್ತೆ, ಒಬ್ರು ಇನ್ನೊಬ್ರಿಗೆ ಹೇಳ್ದೆ ದೇಶದಿಂದಾಚೆ ಕರ್ಕೊಂಡು ಹೋದ್ರೆ ಅದು ಅಲ್ಲಿ ಕ್ರಿಮಿನಲ್ ಕೇಸೂ ಆಗ್ಬಹುದು. ಮಕ್ಕಳನ್ನ ಹೀಗೆ ಒಂದು ದೇಶದಿಂದ ಇನ್ನೊಂದಕ್ಕೆ ಕರ್ಕೊಂಡು ಹೋಗೋದರ ಬಗ್ಗೆ 1980ರ ಹೇಗ್ ಒಪ್ಪಂದ ಅಂತ ಇದೆ, ಅಂಥ ಮಗುನ ಮೊದಲಿದ್ದ ದೇಶಕ್ಕೆ ವಾಪಸ್ ಕಳಿಸೋಕೆ ದೇಶಗಳು ಮಾಡ್ಕೊಂಡಿರೋದು, ಜರ್ಮನಿ ಅದರಲ್ಲಿದೆ, ಭಾರತ ಸೇರಿಲ್ಲ. ಸೇರಿಲ್ವಲ್ಲ, ಹಾಗಾದ್ರೆ ಇಲ್ಲಿಗೆ ಬಂದ್ರೆ ಸೇಫ್ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. 2017ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು ಏನಂದ್ರೆ ಮಗುವಿನ ಹಿತನೇ ಮುಖ್ಯ, ಹೊರದೇಶದ ಕೋರ್ಟಿನ ಆರ್ಡರ್ ನೋಡ್ಬೇಕಾದ ಅಂಶಗಳಲ್ಲಿ ಒಂದು ಅಂತ. ಹಾಗಂದ್ರೆ ಪ್ರತಿ ಕೇಸೂ ಬೇರೆ ಬೇರೆ, ವರ್ಷಗಟ್ಲೆ ಎಳೆಯೋದು, ಎರಡು ದೇಶದಲ್ಲಿ ಲಾಯರ್ ಫೀಸು. ವಾಪಸ್ ಬರೋ ದಾರಿ ಏನಿದ್ರೂ ಹೊರಡೋಕೆ ಮುಂಚೆನೇ ಇಬ್ರೂ ಕೂತು ಮಾಡ್ಕೋಬೇಕು.

ಇನ್ನು ಜಗಳಕ್ಕೆ ಬರೋಣ. ಅವ್ರು "ಮಗು ಭವಿಷ್ಯ" ಅಂತಾರೆ, ನೀವು "ಅಮ್ಮ" ಅಂತೀರ. ಎರಡೂ ನಿಜನೇ ಇರ್ಬಹುದು, ಆದ್ರೆ ಈ ಎರಡು ಮಾತೂ ಇನ್ನೊಬ್ರ ಬಾಯಿ ಮುಚ್ಚಿಸೋಕೆ ಬಳಕೆ ಆಗ್ತಿವೆ, ಮಗುಗೆ ಅಮ್ಮಂಗೆ ಯಾರಾದ್ರೂ ಎದುರು ಮಾತಾಡ್ತಾರಾ? ಎರಡು ವಾರ ಇಬ್ರೂ ಈ ಪದಗಳನ್ನ ಪಕ್ಕಕ್ಕಿಡಿ. ಅವ್ರಿಗೆ ತಮಗೋಸ್ಕರ ಏನು ಬೇಕು ಅಂತ ಕೇಳಿ. ಬೆಂಗಳೂರಲ್ಲಿ ಲೇಆಫ್ ಭಯನೋ, ಜೊತೆಗಿದ್ದವ್ರೆಲ್ಲ ಹೋದ್ರು ಅನ್ನೋ ಬೇಸರನೋ, ವಾರಕ್ಕೆ ಮೂರು ದಿನ ಮಗಳ ಮುಖ ನೋಡಲ್ಲ ಅನ್ನೋ ನೋವೋ. ನೀವೂ ಅಷ್ಟೇ ಪ್ರಾಮಾಣಿಕವಾಗಿ ಹೇಳ್ಬೇಕು. ನಂಗೆ ಪತ್ರದಲ್ಲಿ ಕಾಣಿಸಿದ್ದು ಅಮ್ಮನಿಗಿಂತ ಮೊದಲ ಸಾಲೇ, ಪಿಒ, ರಾಯಚೂರು, ಹುಬ್ಬಳ್ಳಿ, ಮೈಸೂರು. ಕಷ್ಟಪಟ್ಟು ಗಳಿಸಿದ ಕೆಲಸ ಬಿಟ್ಟು, ಕೈಯಲ್ಲಿ ಸ್ವಂತ ಸಂಬಳ ಇಲ್ದೆ, ಗೊತ್ತಿಲ್ದಿರೋ ಊರಲ್ಲಿ ಒಬ್ರ ಮೇಲೆ ಅವಲಂಬಿಸಿ ಕೂರೋದು ಇಷ್ಟ ಇಲ್ಲ ಅಂತಿದ್ರೆ ಅದನ್ನ ಹಾಗೇ ಹೇಳಿ, ಅದು ಸ್ವಾರ್ಥ ಏನಲ್ಲ. ಅಮ್ಮನ್ನ ಮುಂದೆ ಮಾಡಿದ್ರೆ ಅವ್ರು ಅಮ್ಮಂಗೆ ಒಂದು ಪರಿಹಾರ ಹುಡುಕ್ತಾರೆ, ಆಮೇಲೂ ನಿಮ್ಗೆ ಹೋಗೋಕೆ ಮನಸ್ಸಿರಲ್ಲ, ಜಗಳ ಇನ್ನೂ ಜಾಸ್ತಿ ಆಗತ್ತೆ.

ಕೇಳದೆ ಅಪ್ಲೈ ಮಾಡಿದ್ದು ತಪ್ಪೇ, ಅದನ್ನ ಅವ್ರು ಒಪ್ಕೊಳ್ಳದೆ ಮುಂದಿನ ಮಾತು ಕಷ್ಟ. ಆದ್ರೆ ನಿಮ್ಗೂ ಒಂದು ಮಾತು. ಇಲ್ಲೇ ಇದ್ರೆ ಎಲ್ಲ ಹೀಗೇ ಇರತ್ತೆ ಅಂತ ಅಂದ್ಕೊಂಡಿದೀರ, ನಿಮ್ಮ ಕೆಲಸದಲ್ಲಿ ಮುಂದಿನ ಪ್ರಮೋಷನ್ ಬಂದ್ರೆ ರಾಜ್ಯದಾಚೆ ಹಾಕ್ಬಹುದು ಅನ್ನೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆಗ ಅಮ್ಮ ಎಲ್ಲಿ, ಮಗು ಎಲ್ಲಿ, ಇವ್ರು ಎಲ್ಲಿ? ಮೈಸೂರಲ್ಲೇ ಉಳಿಯೋದಕ್ಕೂ ಒಂದು ಪ್ಲಾನ್ ಬೇಕು, ಅವ್ರ ಪ್ಲಾನ್ ಮಾತ್ರ ಪರೀಕ್ಷೆಗೆ ಕೂರ್ಸಿ ನಿಮ್ಮದನ್ನ ಬಿಟ್ರೆ ಅದು ನ್ಯಾಯ ಅಲ್ಲ.

ಅಲ್ಲಿನ ವಾಸ್ತವ ಸ್ವಲ್ಪ ಹೇಳ್ತೀನಿ, ಇಬ್ರೂ ಓದಿ. ಬ್ಲೂ ಕಾರ್ಡ್‌ನವ್ರ ಹೆಂಡ್ತಿಗೆ ಕೆಲಸ ಮಾಡೋಕೆ ಪೂರ್ತಿ ಅನುಮತಿ ಇದೆ, ಅಮೆರಿಕದಲ್ಲಿ ಕೆಲಸಕ್ಕೆ ಹೋದವ್ರ ಹೆಂಡ್ತಿಗೆ ಕೊಡೋ ಎಚ್4 ವೀಸಾ ಥರ ಕಾದು ಕೂರೋ ಹಾಗಿಲ್ಲ, ವೀಸಾಗೆ ಮುಂಚೆ ಜರ್ಮನ್ ಎಕ್ಸಾಮ್ ಪಾಸ್ ಮಾಡೋ ಕಡ್ಡಾಯನೂ ಇಲ್ಲ. ಇದನ್ನ ನಿಮ್ಮನೆಯವ್ರು ಖಂಡಿತ ಹೇಳಿರ್ತಾರೆ. ಅವ್ರು ಹೇಳದೆ ಇರೋದು ಏನಂದ್ರೆ, ಅನುಮತಿ ಬೇರೆ ಕೆಲಸ ಸಿಗೋದು ಬೇರೆ. ಕೋಡ್ ಬರೆಯೋರಿಗೆ ಇಂಗ್ಲಿಷ್ ಸಾಕು, ಬ್ಯಾಂಕಲ್ಲಿ ಗಿರಾಕಿ ಎದುರು ಕೂತು ಸಾಲದ ಕಾಗದ ವಿವರಿಸೋರಿಗೆ ಒಳ್ಳೇ ಜರ್ಮನ್ ಬೇಕೇ ಬೇಕು, ಅಲ್ಲಿಗೆ ತಲುಪೋಕೆ ವರ್ಷದ ಮೇಲೆ ಹಿಡಿಯತ್ತೆ, ಅದೂ ದಿನಾ ಕ್ಲಾಸಿಗೆ ಹೋದ್ರೆ. ಕ್ಲಾಸಿಗೆ ಹೋಗ್ಬೇಕಾದ್ರೆ ಮಗು ಎಲ್ಲಿ?

ಕಿಟಾ ಅಂತಾರೆ ಅಲ್ಲಿ ಶಿಶುವಿಹಾರಕ್ಕೆ. ಒಂದು ವರ್ಷ ತುಂಬಿದ ಪ್ರತಿ ಮಗುಗೂ ಜಾಗ ಕೊಡ್ಬೇಕು ಅಂತ 2013ರಿಂದ ಕಾನೂನೇ ಇದೆ, ಆದ್ರೂ ಮ್ಯೂನಿಕ್ ಥರ ಊರಲ್ಲಿ ಸಿಬ್ಬಂದಿ ಕೊರತೆ, ಹೆಸರು ಬರ್ಸಿ ಕಾಯೋದು ಮಾಮೂಲು. ದಡಾರದ ಲಸಿಕೆ ದಾಖಲೆ ಇಲ್ದೆ ಸೇರಿಸ್ಕೊಳ್ಳಲ್ಲ, ಮಗಳ ತಾಯಿ ಕಾರ್ಡ್ ಹುಡುಕಿ ಇಟ್ಕೊಳ್ಳಿ. ಸೀಟ್ ಸಿಕ್ಕಿದ್ಮೇಲೂ ಇಲ್ಲಿನ ಹಾಗೆ ಗೇಟಲ್ಲಿ ಬಿಟ್ಟು ಟಾಟಾ ಮಾಡಿ ಬರೋಕಾಗಲ್ಲ. ಮೊದಲ ದಿನಗಳಲ್ಲಿ ಅಪ್ಪನೋ ಅಮ್ಮನೋ ಮಗು ಜೊತೆ ಒಳಗೇ, ಒಂದು ಮೂಲೇಲಿ ಆ ಪುಟಾಣಿ ಕುರ್ಚಿ ಮೇಲೆ ಗಂಟೆಗಟ್ಲೆ ಸುಮ್ನೆ ಕೂತಿರ್ಬೇಕು, ಆಮೇಲೆ ಒಂದಿನ ಕೆಲವು ನಿಮಿಷ ಆಚೆ ಹೋಗಿ ಬರ್ಬೇಕು, ಮಗು ಅತ್ತು ಸಮಾಧಾನ ಆಗತ್ತಾ ಅಂತ ಟೀಚರ್ ನೋಡ್ತಾರೆ, ಸಮಾಧಾನ ಆದ್ರೆ ನಾಳೆ ಇನ್ನೊಂದು ಸ್ವಲ್ಪ ಹೊತ್ತು, ಹೀಗೆ ವಾರಗಳು. ಆ ಕುರ್ಚಿ ಮೇಲೆ ಯಾರು ಕೂರ್ತಾರೆ ಅಂತ ನಿಮ್ಮನೆಯವ್ರನ್ನ ಕೇಳಿ ನೋಡಿ. ಹೊಸ ಕೆಲಸಕ್ಕೆ ಸೇರಿದವ್ರಿಗೆ ಆಗಲ್ಲ, ಅಂದ್ರೆ ನೀವೇ. ಮಗುಗೆ ಜ್ವರ ಬಂದ್ರೂ ಕಿಟಾಗೆ ಕಳಿಸೋ ಹಾಗಿಲ್ಲ, ಅಜ್ಜಿ ಇರಲ್ಲ. ಅಪ್ಪ ಅಮ್ಮ ಇಬ್ರಿಗೂ ಮಗು ಹುಷಾರಿಲ್ದಾಗ ತಗೊಳ್ಳೋ ರಜೆ ಕಾನೂನಲ್ಲೇ ಇದೆ, ಅದನ್ನ ಅವ್ರೂ ತಗೋತಾರಾ ಅಂತ ಈಗ್ಲೇ ಬಾಯಿ ಬಿಟ್ಟು ಹೇಳಿಸ್ಕೊಳ್ಳಿ.

ಅವ್ರ ಪರವಾಗಿ ಹೇಳ್ಬೇಕಾದ್ದೂ ಇದೆ. ಸಂಜೆ ಆರರೊಳಗೆ ಮನೇಲಿರೋ ಅಪ್ಪ ನಿಮ್ಮ ಮಗಳಿಗೆ ಇಲ್ಲಿ ಸಿಕ್ಕಿಲ್ಲ, ಅಲ್ಲಿ ಸಿಗೋ ಸಾಧ್ಯತೆ ಜಾಸ್ತಿ. ಮೂರೂವರೆ ವರ್ಷ ಹೊಸ ಭಾಷೆ ಕಲಿಯೋಕೆ ಒಳ್ಳೇ ವಯಸ್ಸು, ಮೊದಲ ಕೆಲವು ತಿಂಗಳು ಕಿಟಾದಲ್ಲಿ ಬಾಯೇ ಬಿಡದೆ ಇರ್ಬಹುದು, ಹೆದರ್ಬೇಡಿ, ಮನೇಲಿ ಕನ್ನಡ ಮಾತ್ರ ಬಿಡ್ಬೇಡಿ. ದೊಡ್ಡಮ್ಮನ ವಿಡಿಯೋ ಬಗ್ಗೆ: ಬರ್ಲಿನ್‌ನಲ್ಲಿ 2021ರಲ್ಲಿ ಒಂದು ಗುಜರಾತಿ ಕುಟುಂಬದ ಹಸುಗೂಸನ್ನ ಅಧಿಕಾರಿಗಳು ವಶಕ್ಕೆ ತಗೊಂಡಿದ್ದು ನಿಜ, ಆ ತಂದೆ ತಾಯಿ ಕಷ್ಟ ಯಾರಿಗೂ ಬೇಡ. ಹಾಗಂತ ಅಲ್ಲಿರೋ ಸಾವಿರಾರು ಭಾರತೀಯ ಕುಟುಂಬಗಳಿಗೆ ಹಾಗಾಗ್ತಿಲ್ಲ. ಒಂದೇ ಗೊತ್ತಿರ್ಲಿ, ಮಕ್ಕಳಿಗೆ ಹೊಡೆಯೋದು ಅಲ್ಲಿ 2000ದಿಂದ ಕಾನೂನು ಪ್ರಕಾರ ನಿಷಿದ್ಧ, ತಲೆ ಮೇಲೊಂದು ಮೊಟಕೋದೂ ಸೇರಿ.

ಈಗ ನನ್ನ ಸಲಹೆ. ಹೋಗೋದಾ ಬೇಡ್ವಾ ಅನ್ನೋ ಪ್ರಶ್ನೆನ ಎಷ್ಟು ದಿನಕ್ಕೆ, ಯಾವ ಷರತ್ತಿಗೆ ಅಂತ ಬದಲಾಯಿಸಿ. ಅಲ್ಲಿ ಹೊಸ ಕೆಲಸಕ್ಕೆ ಸಾಮಾನ್ಯವಾಗಿ ಆರು ತಿಂಗಳು ಪ್ರೊಬೇಷನ್, ಆ ಟೈಮಲ್ಲಿ ಎರಡೇ ವಾರದ ನೋಟಿಸ್ ಕೊಟ್ಟು ಕಳಿಸ್ಬಹುದು. ಅಷ್ಟರಲ್ಲಿ ನೀವು ರಾಜೀನಾಮೆ ಕೊಟ್ಟು ಮನೆ ಖಾಲಿ ಮಾಡೋದು ಬುದ್ಧಿವಂತಿಕೆ ಅಲ್ಲ. ಅವ್ರು ಮೊದಲು ಹೋಗ್ಲಿ, ಪ್ರೊಬೇಷನ್ ಮುಗೀಲಿ. ಮಧ್ಯದಲ್ಲಿ ನೀವು ಮಗು ವಿಸಿಟ್ ವೀಸಾದಲ್ಲಿ ಹೋಗಿ ಮೂರ್ನಾಲ್ಕು ವಾರ ಇದ್ದು ಬನ್ನಿ, ಜೂನಲ್ಲಿ ಬೇಡ, ಜೂನಲ್ಲಿ ಯಾವ ಊರೂ ಚೆಂದ, ಡಿಸೆಂಬರ್‌ನಲ್ಲಿ ಹೋಗಿ, ನಾಲ್ಕೂವರೆಗೆಲ್ಲ ಕತ್ತಲಾಗೋ ದಿನಗಳಲ್ಲಿ ಮಗುಗೆ ನಾಲ್ಕು ಪದರ ಬಟ್ಟೆ ಹಾಕಿ ಅಂಗಡಿಗೆ ಹೋಗಿ ಬರೋದು ಹೇಗಿರತ್ತೆ ನೋಡಿ. ಆರು ತಿಂಗಳಿಗಿಂತ ಜಾಸ್ತಿ ಅಪ್ಪ ಒಂದು ಕಡೆ ಮಗು ಒಂದು ಕಡೆ ಅಂತ ಎಳೀಬೇಡಿ, ಈ ವಯಸ್ಸಿಗೆ ಅದು ಒಳ್ಳೇದಲ್ಲ.

ನಿಮ್ಮ ಕೆಲಸ ಬಿಡೋ ಮುಂಚೆ ಸಬ್ಯಾಟಿಕಲ್ ರಜೆ ಕೇಳಿ. ಸರ್ಕಾರಿ ಬ್ಯಾಂಕ್‌ಗಳಲ್ಲಿ ಮಹಿಳಾ ಉದ್ಯೋಗಿಗಳಿಗೆ ಸಂಬಳ ಇಲ್ದೆ, ಇಡೀ ಸರ್ವಿಸ್‌ಗೆ ಸೇರಿ ಎರಡು ವರ್ಷದ ತನಕ ರಜೆ ಕೊಡೋ ಪದ್ಧತಿ ಇದೆ, ಆ ಅವಧಿಲಿ ಬೇರೆ ಕಡೆ ಕೆಲಸಕ್ಕೆ ಸೇರೋಕೆ ಬಿಡಲ್ಲ ಅನ್ನೋ ಥರದ ಷರತ್ತುಗಳನ್ನ ಮಾತ್ರ ಸರಿಯಾಗಿ ಓದ್ಕೊಳ್ಳಿ. ಈ ಎರಡು ವರ್ಷ ಲೆಕ್ಕ ಹಾಕಿ ನೋಡಿ: ಬ್ಲೂ ಕಾರ್ಡ್‌ನವ್ರಿಗೆ ಸ್ವಲ್ಪ ಜರ್ಮನ್ ಬಂದ್ರೆ 27 ತಿಂಗಳಿಗೆ, ಇನ್ನೂ ಚೆನ್ನಾಗಿ ಬಂದ್ರೆ 21 ತಿಂಗಳಿಗೆ ಕಾಯಂ ನೆಲೆಸೋ ಪರ್ಮಿಟ್ ಸಿಗತ್ತೆ. ಮಗಳಿಗೆ ಆರು ತುಂಬಿ ಒಂದನೇ ಕ್ಲಾಸಿಗೆ ಸೇರೋದೂ ಹೆಚ್ಚು ಕಮ್ಮಿ ಆಗ್ಲೇ. ಅವ್ರ ಪರ್ಮಿಟ್ಟು, ನಿಮ್ಮ ರಜೆ ಮುಗಿಯೋದು, ಮಗಳ ಸ್ಕೂಲು ಎಲ್ಲ ಒಂದೇ ಕಾಲಕ್ಕೆ ಬರ್ತಿದೆ, ನಿಮ್ಮ ಎರಡನೇ ನಿರ್ಧಾರ ಅಲ್ಲೇ ಇಟ್ಕೊಳ್ಳಿ. ಒಂದನೇ ಕ್ಲಾಸಿಗೆ ಸೇರಿದ್ಮೇಲೆ ವಾಪಸ್ ಬರೋದು ಕಷ್ಟ ಆಗ್ತಾ ಹೋಗತ್ತೆ, ಅದೂ ಮ್ಯೂನಿಕ್ ಇರೋ ಬವೇರಿಯಾ ರಾಜ್ಯದಲ್ಲಿ ನಾಲ್ಕನೇ ಕ್ಲಾಸ್ ಮಾರ್ಕ್ಸ್ ನೋಡಿ ಮುಂದೆ ಯಾವ ಥರದ ಸ್ಕೂಲು ಅಂತ ವಿಂಗಡಿಸ್ತಾರೆ.

ಒಪ್ಪಂದನ ಒಂದು ಹಾಳೇಲಿ ಬರೀರಿ. ಕೋರ್ಟಲ್ಲಿ ನಿಲ್ಲತ್ತೆ ಅಂತಲ್ಲ, ಎರಡು ವರ್ಷ ಆದ್ಮೇಲೆ "ನಾನ್ ಹಾಗೆ ಹೇಳೇ ಇಲ್ಲ" ಅನ್ನೋ ಮಾತು ಬರ್ಬಾರ್ದು ಅಂತ. ಮೈಸೂರು ಮನೆ ಮಾರಲ್ಲ. ನಿಮ್ಮ ಎನ್‌ಪಿಎಸ್ ಪಿಂಚಣಿ ಖಾತೆಗೆ ತಿಂಗಳು ತಿಂಗಳು ದುಡ್ಡು ಅವ್ರ ಸಂಬಳದಿಂದ ಹೋಗತ್ತೆ. ಮನೆ ಖರ್ಚಿಗೆ ಜಾಯಿಂಟ್ ಅಕೌಂಟ್, ನಿಮ್ಮ ಹೆಸರಿಗೆ ಬೇರೆ ಮೊತ್ತ, ಕೇಳಿ ಇಸ್ಕೊಳ್ಳೋ ಥರ ಇರ್ಬಾರ್ದು. ಇಬ್ರಲ್ಲಿ ಒಬ್ರಿಗೆ ಆಗ್ತಿಲ್ಲ ಅಂದ್ರೆ ಎಷ್ಟು ತಿಂಗಳ ನೋಟಿಸಲ್ಲಿ ಮೂವರೂ ವಾಪಸ್. ಅಮ್ಮಂಗೆ ವರ್ಷಕ್ಕೆಷ್ಟು ಸಲ ನೀವು ಬರ್ತೀರ, ಅವ್ರು ಅಲ್ಲಿಗೆ ಬಂದ್ರೆ ಒಂದ್ಸಲಕ್ಕೆ 90 ದಿನ ಇರ್ಬಹುದು. 2024ರ ಮಾರ್ಚ್‌ನಿಂದ ಹೊಸದಾಗಿ ಹೋಗೋ ಕುಶಲ ಕೆಲಸಗಾರರು ತಂದೆ ತಾಯಿನ, ಸಂಗಾತಿ ಜೊತೆಗಿದ್ರೆ ಅತ್ತೆ ಮಾವನ್ನೂ ಕಾಯಂ ಆಗಿ ಕರೆಸ್ಕೊಳ್ಳೋಕೆ ಕಾನೂನು ಬಂದಿದೆ, ಆದ್ರೆ ವಯಸ್ಸಾದವ್ರ ಹೆಲ್ತ್ ಇನ್ಶೂರೆನ್ಸ್ ಅಲ್ಲಿ ದೊಡ್ಡ ತಲೆನೋವು, ಅದನ್ನ ನಂಬ್ಕೊಂಡು ಅಮ್ಮಂಗೆ ಆಸೆ ಹುಟ್ಟಿಸ್ಬೇಡಿ. ಪುಣೆ ತಮ್ಮನ ಕಥೆ ಬಿಡಿ ಅಂದ್ರಿ, ಬಿಡೋ ಹಾಗಿಲ್ಲ, ಅವನ್ನೂ ಕೂರ್ಸಿ ಅಮ್ಮನ ಜವಾಬ್ದಾರಿ ಲೆಕ್ಕ ಹಾಕಿ. ಅಮ್ಮಂಗೆ ಏನು ಬೇಕು ಅಂತ ಅಮ್ಮನ್ನೇ ಯಾರಾದ್ರೂ ಕೇಳಿದೀರಾ?

ಇಷ್ಟೆಲ್ಲ ಆದ್ಮೇಲೂ ನಿಮ್ಗೆ ಬೇಡ ಅಂದ್ರೆ ಬೇಡ. ಚಿಕ್ಕ ಮಗು ಇಟ್ಕೊಂಡು ದೇಶ ಬಿಡೋಕೆ ಇಬ್ರೂ ಹೂಂ ಅನ್ಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ, ಬಲವಂತಕ್ಕೆ ಹೋದವ್ರ ಸಂಸಾರ ಅಲ್ಲಿನ ಚಳಿಗಾಲದಲ್ಲಿ ತಡ್ಕೊಳ್ಳೋದು ಕಷ್ಟ. ಆದ್ರೆ ಈಗ ಬೇಡ ಅಂತನಾ, ಯಾವತ್ತೂ ಬೇಡ ಅಂತನಾ ಅನ್ನೋದನ್ನ ಸ್ಪಷ್ಟ ಹೇಳಿ, ಅವ್ರು ಅದರ ಪ್ರಕಾರ ಬೆಂಗಳೂರಲ್ಲೋ ಮೈಸೂರಲ್ಲೋ ತಮ್ಮ ದಾರಿ ನೋಡ್ಕೋಬೇಕಲ್ಲ.

ಈ ತಿಂಗಳ ಗಡುವಿಗೆ ಹೆದರ್ಬೇಡಿ. ಜರ್ಮನಿಲಿ ಕೆಲಸ ಬಿಡೋಕೆ ಮೂರು ತಿಂಗಳ ನೋಟಿಸ್ ಇರೋದು ಸಾಮಾನ್ಯ, ಕಂಪನಿಗಳಿಗೆ ಕಾಯೋ ಅಭ್ಯಾಸ ಇದೆ. ಚಿಕ್ಕ ಮಗು ಇದೆ, ಫ್ಯಾಮಿಲಿ ನಿರ್ಧಾರ ಆಗ್ಬೇಕು, ಉತ್ತರಕ್ಕೆ ಮೂರು ವಾರ ಜಾಸ್ತಿ ಕೊಡಿ ಅಂತ ಎಚ್‌ಆರ್‌ಗೆ ಒಂದು ಮೇಲ್ ಹಾಕೋಕೆ ನಿಮ್ಮನೆಯವ್ರಿಗೆ ಹೇಳಿ. ಮಾತುಕತೆಗೆ ಭಾನುವಾರ ಬೆಳಿಗ್ಗೆ, ಅಮ್ಮ ಮಗುನ ಕರ್ಕೊಂಡು ಪಾರ್ಕಿಗೆ ಹೋಗಿರೋ ಹೊತ್ತು ನೋಡಿ ಕೂತ್ಕೊಳ್ಳಿ, ಅತ್ತೆ ಫೋನ್ ಬಂದ್ರೆ ಆಮೇಲೆ ಮಾಡ್ತೀವಿ ಅಂತ ಅವ್ರ ಮಗನ ಕೈಲೇ ಹೇಳಿಸಿ.