ವೆಯ್ಟ್ ಎತ್ತಿದಾಗ ಹಬೆ ಬರಲಿಲ್ಲವೆಂದರೆ ಕುಕ್ಕರಿನಲ್ಲಿ ಒತ್ತಡವಿಲ್ಲ ಎಂದಲ್ಲ

ಬೆಳಿಗ್ಗೆ ಹುರುಳಿಕಾಳಿನ ಬಗ್ಗೆ ಕೇಳಿದ ಸಹೋದರಿಗೆ ಈ ಉತ್ತರ. ನಿಮ್ಮ ಕುಕ್ಕರ್ ಸರಿಯಾಗಿ ಕೂಗುತ್ತಿಲ್ಲ, ಕಳೆದ ತಿಂಗಳು ಸೇಫ್ಟಿ ವಾಲ್ವ್ ಹೋಯಿತು, ಪಾತ್ರೆ ಅಂಗಡಿಯವರು "ಇದು ಗಟ್ಟಿ, ಇನ್ನು ಹೋಗುವುದಿಲ್ಲ" ಎಂದು ಬೇರೊಂದನ್ನು ಹಾಕಿಕೊಟ್ಟರು, ನಿನ್ನೆ ಒಲೆ ಆರಿಸಿ ವೆಯ್ಟ್ ಎತ್ತಿ ನೋಡಿದಾಗ ಹಬೆ ಬರಲಿಲ್ಲವಾದ್ದರಿಂದ ಬಿಗಿಯಾಗಿದ್ದ ಹಿಡಿಯನ್ನು ಸೌಟಿನಿಂದ ತಟ್ಟಿ ಮುಚ್ಚಳ ತೆಗೆದಿರಿ ಎಂದು ಬರೆದಿದ್ದೀರಿ. ಅದರ ಕೆಳಗೆ ನಾಲ್ಕೈದು ಮಂದಿ "ನಮ್ಮದೂ ಹಾಗೆಯೇ, ತಟ್ಟಿದರೆ ಬಿಟ್ಟುಕೊಳ್ಳುತ್ತದೆ" ಎಂದು ಸಮಾಧಾನ ಹೇಳಿದ್ದಾರೆ. ಕಾಳು ಮೆತ್ತಗಾಗಲು ಎಷ್ಟು ಕೂಗು ಬೇಕು ಎಂಬ ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲು, ದಯವಿಟ್ಟು ಆ ಕುಕ್ಕರನ್ನು ಇಂದು ಒಲೆಯ ಮೇಲೆ ಇಡಬೇಡಿ.

ನೀವು ಬರೆದ ಮೂರೂ ಸಂಗತಿಗಳನ್ನು ಇದೇ ಕ್ರಮದಲ್ಲಿ ನಾನೂ ಮಾಡಿದ್ದೇನೆ. 1998ರಲ್ಲಿ ನಾವು ತುಮಕೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಐದು ಲೀಟರಿನ, ಹೊರಮುಚ್ಚಳದ ಅಲ್ಯೂಮಿನಿಯಂ ಕುಕ್ಕರ್. ಊರಿನಿಂದ ನೆಂಟರು ಬಂದಿದ್ದರೆಂದು ಹುರುಳಿಕಟ್ಟಿನ ಸಾರಿಗೆ ಕಾಳನ್ನು ಕುತ್ತಿಗೆಯವರೆಗೆ ತುಂಬಿಸಿ ಇಟ್ಟಿದ್ದೆ. ಹಿಂದಿನ ವಾರವಷ್ಟೇ ಸೇಫ್ಟಿ ವಾಲ್ವ್ ಹಾರಿತ್ತು. ವಾಲ್ವೇ ಕಳಪೆಯೆಂದು ನಾನು ತೀರ್ಮಾನಿಸಿ, ಸಂತೆಯಲ್ಲಿ ಮಾರುತ್ತಿದ್ದ ಒಂದು ಗಟ್ಟಿ ಹಿತ್ತಾಳೆಯ ತಿರುಪನ್ನು ತಂದು ಬಿಗಿಸಿದ್ದೆ. ಅಂದು ಕುಕ್ಕರ್ ಒಂದು ಸಲ ಅರ್ಧಂಬರ್ಧ ಕೂಗಿ ಸುಮ್ಮನಾಯಿತು. ಗ್ಯಾಸ್ ಮುಗಿಯಿತೇ ಎಂದು ಬಗ್ಗಿ ನೋಡಿದೆ, ಉರಿ ಚೆನ್ನಾಗಿಯೇ ಇತ್ತು. ಇನ್ನೂ ಕಾಲು ಗಂಟೆ ಬಿಟ್ಟು ಒಲೆ ಆರಿಸಿ, ಸೌಟಿನ ತುದಿಯಿಂದ ವೆಯ್ಟ್ ಎತ್ತಿದೆ. ಹಬೆಯ ಸದ್ದೇ ಇಲ್ಲ. ಎಲ್ಲ ಇಳಿದಿದೆ ಎಂದುಕೊಂಡು ಬಿಗಿಯಾಗಿದ್ದ ಹಿಡಿಯನ್ನು ಎರಡೂ ಕೈಯಿಂದ ಒತ್ತಿ ತಿರುಗಿಸಿದೆ. ಮುಚ್ಚಳ ಕೈಯಿಂದ ಕಿತ್ತುಕೊಂಡು ಹೋಗಿ ಟ್ಯೂಬ್‌ಲೈಟಿನ ಪಟ್ಟಿಗೆ ಬಡಿಯಿತು, ಕಾಳು ಮತ್ತು ಕುದಿನೀರು ನನ್ನ ಬಲಗೈಯ ಮೇಲೆ ಮೊಣಕೈಯವರೆಗೆ ಬಿದ್ದವು. ಮುಖ ಉಳಿದದ್ದು ನಾನು ಕುಳ್ಳಗಿರುವುದರಿಂದ ಎಂದು ಮನೆಯವರು ಇಂದಿಗೂ ಹಾಸ್ಯ ಮಾಡುತ್ತಾರೆ. ನೆರೆಮನೆಯವರು ಪ್ರೀತಿಯಿಂದ ಟೂತ್‌ಪೇಸ್ಟ್ ಹಚ್ಚಿದರು. ಅದೂ ತಪ್ಪೇ, ಸುಟ್ಟ ಜಾಗವನ್ನು ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರಿನ ಕೆಳಗೆ ಹಿಡಿದು ಆಸ್ಪತ್ರೆಗೆ ಹೋಗಬೇಕಾಗಿತ್ತು. ತಾರಸಿಯ ಮೇಲಿನ ಹುರುಳಿಯ ಕಲೆಗೆ ಮನೆಯ ಮಾಲೀಕರು ಅಡ್ವಾನ್ಸಿನಲ್ಲಿ ಸುಣ್ಣ ಬಣ್ಣದ ಖರ್ಚನ್ನು ಹಿಡಿದುಕೊಂಡರು.

ಮರುದಿನ ಮುಚ್ಚಳವನ್ನು ಬೋರಲು ಹಾಕಿ ನೋಡಿದಾಗ ಕಾರಣ ಕಂಡಿತು. ವೆಂಟ್ ಟ್ಯೂಬಿನ, ಅಂದರೆ ವೆಯ್ಟ್ ಕೂರುವ, ಹಬೆ ಹೊರಬರುವ ಕೊಳವೆಯ ಒಳಬಾಯಿಗೆ ಒಂದೇ ಒಂದು ಹುರುಳಿ ಸಿಪ್ಪೆ, ಕಿರುಬೆರಳಿನ ಉಗುರಿನಷ್ಟೂ ಅಗಲವಿಲ್ಲದ್ದು, ಅಂಟು ಹಾಕಿದಂತೆ ಕುಳಿತಿತ್ತು. ಪೊರಕೆಕಡ್ಡಿಯಿಂದ ಚುಚ್ಚಿದರೆ ಅದರ ಹಿಂದೆ ಹಳೆಯ ಬೇಳೆಯ ಗಸಿ ಸುಣ್ಣದಂತೆ ಗಟ್ಟಿಯಾಗಿತ್ತು. ಅಂದರೆ ವೆಯ್ಟ್ ಎತ್ತಿದಾಗ ಹಬೆ ಬಾರದಿದ್ದುದಕ್ಕೆ ಒಳಗೆ ಹಬೆ ಇಲ್ಲದಿರುವುದು ಕಾರಣವಾಗಿರಲಿಲ್ಲ, ಹೊರಗೆ ಬರಲು ದಾರಿ ಇಲ್ಲದಿರುವುದೇ ಕಾರಣವಾಗಿತ್ತು. ಹಿಂದಿನ ವಾರ ವಾಲ್ವ್ ಹೋದದ್ದೂ ಇದೇ ಕಾರಣಕ್ಕೆ. ಅದು ಕೆಟ್ಟಿರಲಿಲ್ಲ, ತನ್ನ ಕೆಲಸ ಮಾಡಿತ್ತು.

ಸೇಫ್ಟಿ ವಾಲ್ವಿನ ನಡುವೆ ಇರುವುದು ಬೇಗ ಕರಗುವ ಮಿಶ್ರಲೋಹದ ಒಂದು ತುಣುಕು. ನೀರು ಬತ್ತಿದರೆ ಅಥವಾ ವೆಂಟ್ ಕಟ್ಟಿಕೊಂಡು ಒಳಗಿನ ಶಾಖ ಮಿತಿ ಮೀರಿದರೆ ಅದು ಕರಗಿ ಹಬೆಗೆ ದಾರಿ ಬಿಡುತ್ತದೆ. ಅದು ಪದೇ ಪದೇ ಹೋಗುತ್ತದೆಂದು "ಹೋಗದಂಥ" ವಾಲ್ವ್ ಹಾಕಿಸುವುದು, ಫ್ಯೂಸ್ ಹಾರುತ್ತದೆಂದು ದಪ್ಪ ತಾಮ್ರದ ತಂತಿ ಕಟ್ಟಿದಂತೆ. ನಿಮ್ಮ ಅಂಗಡಿಯವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಆ ವಾಲ್ವನ್ನು ಇಂದೇ ತೆಗೆಸಿ, ಕುಕ್ಕರಿನ ಕಂಪನಿಯದೇ ವಾಲ್ವನ್ನು, ಅದೇ ಮಾದರಿಯದನ್ನು ಹಾಕಿಸಿ. ಹತ್ತಿಪ್ಪತ್ತು ರೂಪಾಯಿ ಉಳಿಸುವ ಜಾಗ ಇದಲ್ಲ.

ತಟ್ಟಿದರೆ ಬಿಟ್ಟುಕೊಳ್ಳುತ್ತದೆ ಎಂದವರು ಒಂದು ಲೆಕ್ಕ ನೋಡಬೇಕು. ನಮ್ಮ ಕುಕ್ಕರುಗಳ ವೆಯ್ಟ್ ಏಳುವುದು ಹೆಚ್ಚುಕಡಿಮೆ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡದಲ್ಲಿ. ಮುಚ್ಚಳದ ಅಗಲ 20 ಸೆಂಟಿಮೀಟರ್ ಇದ್ದರೆ ಅದರ ವಿಸ್ತೀರ್ಣ 314 ಚದರ ಸೆಂಟಿಮೀಟರ್; ಅಂದರೆ ಮೂರು ಕ್ವಿಂಟಲಿಗಿಂತ ಹೆಚ್ಚು ಭಾರ ಅದನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಐವತ್ತು ಕಿಲೋದ ಆರು ಅಕ್ಕಿ ಮೂಟೆಗಳೆಂದು ತಿಳಿಯಿರಿ. ಒತ್ತಡ ಹತ್ತರಲ್ಲಿ ಒಂದು ಪಾಲಿಗೆ ಇಳಿದಿದ್ದರೂ ಮೂವತ್ತು ಕಿಲೋ ಉಳಿದಿರುತ್ತದೆ, ಮತ್ತು ಆ ಹಿಡಿ ಬಿಗಿಯಾಗಿರುವುದು ಅದರಿಂದಲೇ. ಒಳಗಿನ ನೀರು ಕುದಿಯುವ ಬಿಂದುವಿಗಿಂತ ಬಿಸಿಯಾಗಿರುವುದರಿಂದ ಮುಚ್ಚಳ ಸರಿದ ಕ್ಷಣದಲ್ಲಿ ಅದು ಒಮ್ಮೆಗೇ ಉಕ್ಕಿ ಕುದಿಯುತ್ತದೆ. ಸುಡುವುದು ಹೆಚ್ಚಾಗಿ ಇದೇ. ಆದ್ದರಿಂದ ಹಿಡಿ ಬಿಗಿ ಎನಿಸಿದರೆ ಕೈ ತೆಗೆಯಿರಿ. ಸೌಟು, ಸುತ್ತಿಗೆ, ಗಂಡಸರ ಬಲ, ಯಾವುದೂ ಬೇಡ.

ಒಲೆಯ ಮೇಲಿರುವಾಗಲೇ ವೆಂಟ್ ಕಟ್ಟಿದೆ ಎಂಬ ಅನುಮಾನ ಬಂದರೆ ಒಲೆ ಆರಿಸಿ, ಕುಕ್ಕರನ್ನು ಅಲ್ಲಾಡಿಸದೆ, ಹೊತ್ತುಕೊಂಡು ನಲ್ಲಿಯ ಕೆಳಗೆ ಹೋಗದೆ, ಅಡುಗೆಮನೆಯಿಂದ ಹೊರಗೆ ಬನ್ನಿ. ಒಂದು ಗಂಟೆಯಾದ ಮೇಲೆ ಬದಿಯನ್ನು ಮುಟ್ಟಿ ನೋಡಿ. ಪೂರ್ತಿ ತಣ್ಣಗಾಗಿದ್ದರೆ ಮಾತ್ರ ತೆಗೆಯಿರಿ. ಸಾರು ತಡವಾದರೆ ಆಗಲಿ, ಅಂದು ಮಜ್ಜಿಗೆ ಅನ್ನ ಊಟ ಮಾಡಬಹುದು.

ಆ ಘಟನೆಯ ನಂತರ ಇಂದಿನವರೆಗೂ ನಾನು ಬಿಡದೆ ಮಾಡುವ ಕೆಲಸ ಎರಡು. ಮುಚ್ಚಳ ಹಾಕುವ ಮೊದಲು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ವೆಂಟ್ ಟ್ಯೂಬಿನ ಮೂಲಕ ನೋಡುತ್ತೇನೆ. ಬೆಳಕಿನ ಚುಕ್ಕೆ ದುಂಡಗೆ ಕಾಣಬೇಕು, ಅಂಚು ಮಸುಕಾಗಿದ್ದರೂ ಪೊರಕೆಕಡ್ಡಿ ಆಡಿಸುತ್ತೇನೆ. ಗುಂಡುಪಿನ್ನು ಬೇಡ, ಮುರಿದು ಒಳಗೇ ಉಳಿಯುತ್ತದೆ. ಎರಡನೆಯದು, ವೆಯ್ಟನ್ನು ಮೊದಲೇ ಹಾಕುವುದಿಲ್ಲ. ಮುಚ್ಚಳ ಮುಚ್ಚಿ ಒಲೆ ಹಚ್ಚಿ, ಟ್ಯೂಬಿನಿಂದ ಹಬೆ ನೆಟ್ಟಗೆ, ಎಡೆಬಿಡದೆ ಬರುವುದನ್ನು ಕಣ್ಣಾರೆ ಕಂಡ ಮೇಲೆಯೇ ವೆಯ್ಟ್ ಹಾಕುತ್ತೇನೆ. ಕುಕ್ಕರಿನ ಜೊತೆ ಬರುವ ಪುಸ್ತಿಕೆಯಲ್ಲಿ ಇದು ಇದ್ದೇ ಇರುತ್ತದೆ, ಆದರೆ ಆ ಪುಸ್ತಿಕೆಯನ್ನು ನಾವೆಲ್ಲ ಡಬ್ಬದ ಜೊತೆಯೇ ಅಟ್ಟಕ್ಕೆ ಹಾಕಿರುತ್ತೇವೆ. ಇದರಿಂದ ಒಳಗಿನ ಗಾಳಿಯೂ ಹೊರಗೆ ಹೋಗುತ್ತದೆ, ದಾರಿ ತೆರೆದಿದೆ ಎಂಬುದೂ ಖಚಿತವಾಗುತ್ತದೆ. ಒಳಗೆ ಕುದಿಯುವ ಸದ್ದು ಬಂದರೂ ಟ್ಯೂಬಿನಲ್ಲಿ ಹಬೆ ಕಾಣದಿದ್ದರೆ ಕೂಡಲೇ ಆರಿಸಿ, ಮೇಲೆ ಹೇಳಿದಂತೆ ತಣಿಯಲು ಬಿಡಿ. ಹಬೆ ಬದಿಯಿಂದ ಸೋರುತ್ತಿದ್ದರೆ ಅದು ಬೇರೆ ರೋಗ, ಗ್ಯಾಸ್ಕೆಟ್ ಸಡಿಲವಾಗಿದೆ ಎಂದರ್ಥ. ಫ್ರೀಜರಿನಲ್ಲಿಟ್ಟು ಒಂದೆರಡು ದಿನ ತಳ್ಳಬಹುದೇ ಹೊರತು ಅದು ಪರಿಹಾರವಲ್ಲ. ಅಂಚಿಗೆ ಹಿಟ್ಟು ಮೆತ್ತುವ, ದಾರ ಸುತ್ತುವ ಉಪಾಯಗಳನ್ನು ಯಾರೂ ಈ ಗುಂಪಿನಲ್ಲಿ ಹೇಳಿಕೊಡಬೇಡಿ. ತೊಳೆದ ಗ್ಯಾಸ್ಕೆಟನ್ನು ಮುಚ್ಚಳದಲ್ಲೇ ಬಿಡದೆ ಒರೆಸಿ ಮೊಳೆಗೆ ತೂಗುಹಾಕಿದರೆ ಹೆಚ್ಚು ದಿನ ಬಾಳುತ್ತದೆ.

ತುಂಬಿಸುವ ಮಿತಿಯೂ ಇದೇ ವಿಷಯ. ತರಕಾರಿಗೆ ಮೂರರಲ್ಲಿ ಎರಡು ಪಾಲು ಸರಿ; ಬೇಳೆ, ಅಕ್ಕಿ, ಕಾಳು ಎಂದರೆ ನೀರೂ ಸೇರಿ ಅರ್ಧಕ್ಕೆ ನಿಲ್ಲಿಸಬೇಕು, ಏಕೆಂದರೆ ಇವು ನೊರೆಯೇಳುತ್ತವೆ ಮತ್ತು ಆ ನೊರೆಯೇ ಸಿಪ್ಪೆಯನ್ನು ಟ್ಯೂಬಿನವರೆಗೆ ಹೊತ್ತೊಯ್ಯುತ್ತದೆ. ಒಂದು ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ, ಆದರೆ ಎಣ್ಣೆ ಹಾಕಿದ್ದೇನೆಂದು ಕುತ್ತಿಗೆಯವರೆಗೆ ತುಂಬಿಸಬಾರದು. ಒಳ ಡಬ್ಬಿಯಲ್ಲಿಟ್ಟು ತಟ್ಟೆ ಮುಚ್ಚಿದರೆ ಇನ್ನೂ ಕ್ಷೇಮ. ಆಗ ತಳದ ನೀರಿಗೆ ಒಂದು ಚೂರು ಹುಣಸೆಹಣ್ಣು ಹಾಕಿ. ಬೋರಿನ ನೀರಿಗೆ ಅಲ್ಯೂಮಿನಿಯಂ ಕಪ್ಪಾಗುವುದು ಕಡಿಮೆಯಾಗುತ್ತದೆ.

ಇನ್ನು ಎಷ್ಟು ಕೂಗು ಎಂಬ ಪ್ರಶ್ನೆ. ಕೂಗನ್ನು ಎಣಿಸುವ ಅಭ್ಯಾಸವನ್ನೇ ಬಿಡಿ ಎನ್ನುತ್ತೇನೆ. ಕೂಗು ಎಂದರೆ ಹೆಚ್ಚಾದ ಹಬೆ ಹೊರಗೆ ಹೋದ ಸದ್ದು, ಅಷ್ಟೇ. ವೆಯ್ಟ್ ಏಳುವ ಹೊತ್ತಿಗೆ ಒಳಗೆ ಸುಮಾರು 120 ಡಿಗ್ರಿ ಆಗಿರುತ್ತದೆ, ಹತ್ತು ಸಲ ಕೂಗಿಸಿದರೂ ಅದು ಹೆಚ್ಚುವುದಿಲ್ಲ. ನೀರು ಮತ್ತು ಗ್ಯಾಸ್ ಮಾತ್ರ ಖರ್ಚಾಗುತ್ತವೆ. ದೊಡ್ಡ ಉರಿಯಲ್ಲಿ ಎರಡು ಲೀಟರಿನ ಕುಕ್ಕರ್ ಕೂಗುವ ಐದು ಕೂಗಿಗೂ ಸಣ್ಣ ಉರಿಯಲ್ಲಿ ಐದು ಲೀಟರಿನದು ಕೂಗುವ ಐದಕ್ಕೂ ಸಂಬಂಧವೇ ಇಲ್ಲ. ಮೊದಲ ಕೂಗು ಬಂದ ಕೂಡಲೇ ಉರಿಯನ್ನು ಪೂರ್ತಿ ತಗ್ಗಿಸಿ ಗಡಿಯಾರ ನೋಡಿ. ರಾತ್ರಿಯಿಡೀ ನೆನೆಸಿದ ಹುರುಳಿಗೆ ನಮ್ಮ ಮನೆಯಲ್ಲಿ ಇಪ್ಪತ್ತು ನಿಮಿಷ, ಅರ್ಧ ಗಂಟೆ ನೆನೆಸಿದ ತೊಗರಿಬೇಳೆಗೆ ಎಂಟು ನಿಮಿಷ, ಹಸಿ ಅವರೆಕಾಳಿಗೆ ಮೊದಲ ಕೂಗೇ ಸಾಕು. ಆರಿಸಿದ ಮೇಲೆ ಒತ್ತಡ ತಾನಾಗಿ ಇಳಿಯುವ ಹತ್ತು ಹದಿನೈದು ನಿಮಿಷದಲ್ಲೂ ಕಾಳು ಬೇಯುತ್ತಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಾಳು ಇದ್ದಾಗ ವೆಯ್ಟ್ ಎತ್ತಿ ಹಬೆ ಬಿಡುವುದು ಬೇಡವೇ ಬೇಡ. ನೊರೆಯ ಜೊತೆ ಸಿಪ್ಪೆಯೂ ಟ್ಯೂಬಿಗೆ ನುಗ್ಗುತ್ತದೆ.

ಇಷ್ಟಾದರೂ ಕಾಳು ಬೇಯದಿದ್ದರೆ ಕುಕ್ಕರನ್ನು ಬೈಯುವ ಮೊದಲು ನೀರನ್ನು ನೋಡಿ. ಗಡಸು ನೀರಿನಲ್ಲಿ ಬೇಳೆ ಮೆತ್ತಗಾಗುವುದಿಲ್ಲ, ತುಮಕೂರಿನ ಆ ಬೋರಿನ ನೀರಿನಲ್ಲಿ ನನಗೆ ಇದು ಚೆನ್ನಾಗಿ ಅನುಭವಕ್ಕೆ ಬಂದಿದೆ. ಬೇಯಿಸುವುದಕ್ಕಷ್ಟೇ ಫಿಲ್ಟರ್ ನೀರು ಬಳಸಿ. ಹುಣಸೆ, ಟೊಮೆಟೊ ಬೆಂದ ಮೇಲೆ ಹಾಕಿ, ಹುಳಿಯಲ್ಲಿ ಕಾಳು ಬೇಯಲು ತಡ. ಎರಡು ವರ್ಷ ಡಬ್ಬಿಯಲ್ಲಿದ್ದ ಕಾಳಿಗೆ ಮಾತ್ರ ನನ್ನಲ್ಲಿ ಮದ್ದಿಲ್ಲ. ಅಡುಗೆ ಸೋಡಾ ಹಾಕಿ ಎಂದವರಿಗೆ ಹೇಳುವುದೆಂದರೆ, ಅದು ಅಲ್ಯೂಮಿನಿಯಮ್ಮನ್ನು ಕಪ್ಪಾಗಿಸುತ್ತದೆ, ಕಾಳಿನ ಬಿ1 ಜೀವಸತ್ವವನ್ನೂ ಕೆಡಿಸುತ್ತದೆ. ಎತ್ತರದಲ್ಲಿರುವ ಮಡಿಕೇರಿಯಲ್ಲಿ ಎಷ್ಟು ಹೊತ್ತು ಬೇಯಿಸಬೇಕು ಎಂದು ಅಲ್ಲಿಯವರು ಕೇಳಿದ್ದಕ್ಕೆ: ಅಲ್ಲಿ ತೆರೆದ ಪಾತ್ರೆಯಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ, ಆದ್ದರಿಂದ ಕುಕ್ಕರಿನಿಂದ ಆಗುವ ಅನುಕೂಲ ನಿಮಗೆ ನಮಗಿಂತ ಹೆಚ್ಚು, ಎರಡು ಮೂರು ನಿಮಿಷ ಹೆಚ್ಚಿಗೆ ಇಡಿ, ಸಾಕು.

ಯಾವ ಕುಕ್ಕರ್ ಕೊಳ್ಳಬೇಕು ಎಂದೂ ಕೆಲವರು ಕೇಳಿದ್ದಾರೆ. ಕಾಳು ಬೇಯಿಸುವುದೇ ಹೆಚ್ಚಾದರೆ ನನ್ನ ಮತ ಹಾಕಿನ್ಸ್‌ನಂಥ ಒಳಮುಚ್ಚಳದ್ದಕ್ಕೆ. ಒಳಗಿನ ಒತ್ತಡವೇ ಮುಚ್ಚಳವನ್ನು ಮೇಲಕ್ಕೆ ಒತ್ತಿ ಹಿಡಿಯುವುದರಿಂದ, ಒತ್ತಡ ಇಳಿಯುವವರೆಗೆ ಅದು ಬಿಟ್ಟುಕೊಳ್ಳುವುದಿಲ್ಲ. ನನ್ನಂಥ ಅವಸರದವರಿಗೆ ಅದೇ ಸರಿ. ಮುಚ್ಚಳವನ್ನು ಓರೆಯಾಗಿ ಇಳಿಸಿ ಕೂರಿಸುವ ಕಲೆ ಬರಲು ಒಂದು ವಾರ ಬೇಕು, ಅಗಲದ ಡಬ್ಬಿಯೂ ಅದರಲ್ಲಿ ಹಿಡಿಯುವುದಿಲ್ಲ. ಇಡ್ಲಿ, ಡಬ್ಬಿ ಅನ್ನ ಎಂದರೆ ಪ್ರೆಸ್ಟೀಜ್‌ನಂಥ ಹೊರಮುಚ್ಚಳದ್ದು ಅನುಕೂಲ. ಅಂಥ ಮುಚ್ಚಳದ ಅಂಚಿನಲ್ಲಿ ಉದ್ದನೆಯ ಕಿಂಡಿ ಇದ್ದರೆ, ಒತ್ತಡ ಮೀರಿದಾಗ ಗ್ಯಾಸ್ಕೆಟ್ ಉಬ್ಬಿ ಹಬೆ ಬಿಡುವುದು ಅಲ್ಲಿಂದಲೇ. ಆ ಕಿಂಡಿ ಗೋಡೆಯ ಕಡೆಗೆ ಇರುವಂತೆ ಕುಕ್ಕರ್ ಇಡಿ. ಯಾವುದೇ ಕೊಂಡರೂ ಐಎಸ್‌ಐ ಗುರುತು, ಅದರ ಮೇಲೆ ಐಎಸ್ 2347 ಎಂಬ ಸಂಖ್ಯೆ ಇರಲೇಬೇಕು. 2020ರ ಗುಣಮಟ್ಟ ನಿಯಂತ್ರಣ ಆದೇಶದ ನಂತರ ಆ ಗುರುತಿಲ್ಲದೆ ಮನೆಬಳಕೆಯ ಕುಕ್ಕರ್ ಮಾರುವಂತೆಯೇ ಇಲ್ಲ, ಆದರೂ ಆನ್‌ಲೈನಿನಲ್ಲಿ ಅಗ್ಗವೆಂದು ಕಂಡದ್ದನ್ನೆಲ್ಲ ಕೊಳ್ಳುವವರು ನಮ್ಮಲ್ಲೇ ಇದ್ದಾರೆ.

ಸಹೋದರಿ, ಇಂದು ಸಂಜೆಯೊಳಗೆ ನಿಮ್ಮ ಮುಚ್ಚಳವನ್ನು ಬೋರಲು ಹಾಕಿ, ವೆಂಟ್ ಟ್ಯೂಬಿನ ಒಳಬಾಯಿ ಮತ್ತು ಆ ಹೊಸ ವಾಲ್ವ್ ಎರಡೂ ಕಾಣುವಂತೆ ಒಂದು ಚಿತ್ರವನ್ನು ಇಲ್ಲಿ ಹಾಕಿ. ಉಬ್ಬಿದ ಗುರುತು ಅಥವಾ ಬಿರುಕು ಏನಾದರೂ ಇದೆಯೇ ಎಂದು ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ನೆನೆದ ಕಾಳನ್ನು ಬಟ್ಟೆಯಲ್ಲಿ ಕಟ್ಟಿಡಿ, ಮೊಳಕೆಯಾದರೆ ತೆರೆದ ಪಾತ್ರೆಯಲ್ಲೇ ಬೇಯುತ್ತದೆ.